ಮೂರು ಸುತ್ತಿನ ತೀರ್ಪು

ಸ್ಪರ್ಧೆಯ ಮೋಟೋಕ್ರಾಸ್ ಬೈಕನ್ನು ಮೂರು ಸುತ್ತು ಓಡಿಸಿ ಬಂದು, ಹೆಲ್ಮೆಟ್ ತೆಗೆಯುವುದಕ್ಕೂ ಮೊದಲೇ ತೀರ್ಪು ಕೊಡುವವರನ್ನು ಕಂಡರೆ ನನಗೆ ಈಚೆಗೆ ಮೈ ಉರಿಯುತ್ತದೆ. ಆ ಉರಿಯಲ್ಲಿ ಅರ್ಧ ಪಾಲು ನನ್ನ ಮೇಲಿನದೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನೂ ಅದೇ ಗುಂಪಿನವನಾಗಿದ್ದೆ. ಆರ್‌ಎಕ್ಸ್ 100ರ ದೀಪ, ಮಡ್‌ಗಾರ್ಡ್ ಕಿತ್ತೆಸೆದು ಮೈದಾನದ ಮಣ್ಣಿನಲ್ಲಿ ಓಡಿಸಿದ ತಲೆಮಾರಿನವನು ನಾನು. ಅಂಥವನ ಮುಂದೆ ನಿಜವಾದ ಮೋಟೋಕ್ರಾಸ್ ಬೈಕೊಂದನ್ನು ತಂದು ನಿಲ್ಲಿಸಿ ‘ಹೇಗಿದೆ ನೋಡಿ ಹೇಳಿ’ ಎಂದರೆ ಏನಾಗುತ್ತದೆ? ಮೂರು ಸುತ್ತು ಹೊಡೆಯುತ್ತೇನೆ, ಎದೆ ಉಬ್ಬುತ್ತದೆ, ಬಾಯಿಗೆ ಬಂದದ್ದು ಹೇಳುತ್ತೇನೆ. ಹೇಳಿದ್ದೇನೆ. ಅದರ ಫಲ ಇನ್ನೊಬ್ಬನ ಮಣಿಕಟ್ಟಿನಲ್ಲಿ ಇವತ್ತಿಗೂ ಒಂದು ಸ್ಕ್ರೂ ಆಗಿ ಕೂತಿದೆ.

ಈ ಬೈಕಿನ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು. ಇದಕ್ಕೆ ದೀಪವಿಲ್ಲ, ಹಾರನ್ನಿಲ್ಲ, ಕನ್ನಡಿಯಿಲ್ಲ, ನಂಬರ್ ಪ್ಲೇಟಿಲ್ಲ. ನಿಲ್ಲಿಸುವುದಕ್ಕೆ ಕಾಲಿನ ಸ್ಟ್ಯಾಂಡೂ ಇಲ್ಲ. ರಸ್ತೆಗೆ ತರುವಂತಿಲ್ಲ, ಟೆಂಪೋದಲ್ಲಿ ಹೇರಿಕೊಂಡು ಟ್ರ್ಯಾಕಿಗೆ ಒಯ್ಯಬೇಕು. ಎಷ್ಟು ಕಿಲೋಮೀಟರ್ ಓಡಿದೆ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಗಂಟೆ ಓಡಿದೆ ಎಂದು ಕೇಳುತ್ತಾರೆ. ತೂಕ ಹೆಚ್ಚುಕಡಿಮೆ 105ರಿಂದ 112 ಕಿಲೋ. ಚಕ್ರಗಳು ಹಿಂದೆ ಮುಂದೆ ಎರಡೂ ಕಡೆ ಸುಮಾರು 30 ಸೆಂಟಿಮೀಟರ್ ಮೇಲೆ ಕೆಳಗೆ ಆಡುತ್ತವೆ. ಗುಡ್ಡೆಯ ಮೇಲಿಂದ ಹಾರಿ ಕೆಳಗೆ ಬೀಳುವುದೇ ಇದರ ದಿನನಿತ್ಯದ ಕೆಲಸ. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಒಂದು ಓಟವೆಂದರೆ 30 ನಿಮಿಷ, ಅದರ ಮೇಲೆ ಎರಡು ಸುತ್ತು. ಅಂಥವು ದಿನಕ್ಕೆ ಎರಡು. ಈ ಕೊನೆಯ ಲೆಕ್ಕವನ್ನು ದಯವಿಟ್ಟು ನೆನಪಿಡಿ, ನನ್ನ ಜಗಳವೆಲ್ಲ ಅದರ ಸುತ್ತಲೇ ಇದೆ.

ನಮ್ಮ ಕಾಲದಲ್ಲಿ ಇಂಥ ಬೈಕನ್ನು ವಿದೇಶದ ಪತ್ರಿಕೆಯಲ್ಲಿ ನೋಡಿ ನಿಟ್ಟುಸಿರು ಬಿಡುವುದಷ್ಟೇ ಇತ್ತು. ಈಗ ಹಾಗಿಲ್ಲ. ಕವಾಸಾಕಿಯವರು 2021ರಲ್ಲಿ ಹೊಸ ಕೆಎಕ್ಸ್ 250 ಅನ್ನು ಭಾರತದಲ್ಲಿ ಬಿಟ್ಟಾಗ ಅದರ ಬೆಲೆ ಎಂಟು ಲಕ್ಷದ ಹತ್ತಿರವಿತ್ತು. ಅಷ್ಟು ಹಣ ಹಾಕುವವನು ಸಹಜವಾಗಿಯೇ ಯಾರನ್ನಾದರೂ ಕೇಳುತ್ತಾನೆ. ಪತ್ರಿಕೆ ಓದುತ್ತಾನೆ. ಪತ್ರಿಕೆಯಲ್ಲಿ ಇರುವುದೇನು? ಇಷ್ಟು ಅಶ್ವಶಕ್ತಿ, ಇಷ್ಟು ತೂಕ, ಹೊಸ ಬಣ್ಣ, ಹೊಸ ಎಲೆಕ್ಟ್ರಾನಿಕ್ಸ್, ಹಾರುತ್ತಿರುವ ಒಂದು ಫೋಟೋ. ಕೊನೆಯಲ್ಲಿ ತಪ್ಪದೆ ಒಂದು ವಾಕ್ಯ: ‘ಇದು ಅನುಭವಿ ಸವಾರರಿಗೆ ಮಾತ್ರ.’

ಈ ವಾಕ್ಯದ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಮಣಿಕಟ್ಟಿನ ಕತೆ.

2022ರಲ್ಲಿ ನನ್ನ ಗೆಳೆಯನೊಬ್ಬ ಒಂದು 450 ಕೊಳ್ಳಲು ಹೊರಟ. ಕಾಫಿ ತೋಟದವನು, ಮೂವತ್ತೆಂಟು ವಯಸ್ಸು, 92 ಕಿಲೋ ತೂಕ. ಹದಿನೈದು ವರ್ಷ ರ‍್ಯಾಲಿಗಳಲ್ಲಿ, ಮಣ್ಣಿನ ಟ್ರ್ಯಾಕುಗಳಲ್ಲಿ ಓಡಿಸಿದವನು. ಅವನನ್ನು ಅನುಭವಿ ಅಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಯಾರೋ ಕೊಂಡು ನಾಲ್ಕೇ ಗಂಟೆ ಓಡಿಸಿ ಮಾರಲು ಇಟ್ಟಿದ್ದ ಬೈಕು ಅದು. ನಾಲ್ಕೇ ಗಂಟೆಗೆ ಏಕೆ ಮಾರುತ್ತಿದ್ದಾನೆ ಎಂದು ನಾವಿಬ್ಬರೂ ಕೇಳಲಿಲ್ಲ! ಬೆಂಗಳೂರಿನ ಹೊರಗಿನ ಒಂದು ಟ್ರ್ಯಾಕಿನಲ್ಲಿ ನಾನು ಮೂರು ಸುತ್ತು ಹೊಡೆದೆ. ಆಗ ನಾನು 70 ಕಿಲೋ. ಥ್ರಾಟಲ್ ತಿರುಗಿಸಿದರೆ ಯಾವ ಗೇರಿನಲ್ಲಿದ್ದರೂ ಹಿಂದಿನಿಂದ ಯಾರೋ ಎತ್ತಿ ಒಗೆದಂತೆ ಹೋಗುತ್ತಿತ್ತು. ಗುಡ್ಡೆಯಿಂದ ಇಳಿದರೆ ಹತ್ತಿಯ ಮೇಲೆ ಇಳಿದ ಹಾಗೆ. ‘ಕಣ್ಣು ಮುಚ್ಚಿ ತಗೋ’ ಎಂದೆ. ತಗೊಂಡ.

ಏಳನೆಯ ವಾರವೋ ಎಂಟನೆಯ ವಾರವೋ, ಅಭ್ಯಾಸದ ಓಟದಲ್ಲಿ, ಹದಿನೇಳನೆಯ ನಿಮಿಷಕ್ಕೆ ಬಿದ್ದ. ನಾನು ಬೇಲಿಯ ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತಿದ್ದೆ. ಎಡ ತಿರುವಿನ ಮುಂಚೆ ಎಲ್ಲರೂ ಬ್ರೇಕ್ ಹಿಡಿದು ಹಿಡಿದು ನೆಲ ಅಲೆ ಅಲೆಯಾಗಿತ್ತು. ಮುಂದಿನ ಫೋರ್ಕ್ ಆ ಅಲೆಗಳಲ್ಲಿ ಒಂದರ ಮೇಲೊಂದು ಮುಳುಗುತ್ತ ಹೋದದ್ದು ಕಾಣಿಸಿತು. ಹಿಂದಿನ ಮೂರು ಸುತ್ತಿನಿಂದಲೇ ಅವನ ಮೊಣಕೈ ಕೆಳಗಿಳಿದಿತ್ತು. ಓಡಿಸಿದವರಿಗೆ ಇದು ಗೊತ್ತು: ಮುಂಗೈಯ ಮಾಂಸ ಉಬ್ಬಿ ಕಲ್ಲಾಗುತ್ತದೆ, ಬೆರಳು ಮಡಚಲು ಬಾರದು, ಬ್ರೇಕಿನ ಲಿವರ್ ಎಲ್ಲಿದೆ ಎಂಬುದು ಗೊತ್ತಿದ್ದೂ ಹಿಡಿಯಲಾಗದು. ಮಣಿಕಟ್ಟಿನ ಸ್ಕಾಫಾಯ್ಡ್ ಎಂಬ ಸಣ್ಣ ಮೂಳೆ ಮುರಿಯಿತು. ಅದಕ್ಕೆ ರಕ್ತದ ಹರಿವು ಕಡಿಮೆ, ಕೂಡುವುದು ತಡ. ನಾಲ್ಕು ತಿಂಗಳು ಎಡಗೈಯಲ್ಲಿ ಊಟ ಮಾಡಿದ. ಆ ವರ್ಷದ ಕಾಫಿ ಕೊಯ್ಲನ್ನು ಕುರ್ಚಿ ಹಾಕಿಕೊಂಡು ಕೂತು ಮಾಡಿಸಿದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅವನು ಆಸ್ಪತ್ರೆಯಿಂದ ಬಂದ ಮೇಲೆ ನಾನು ಮಾಡಿದ ಕೆಲಸವನ್ನು ಕೊಳ್ಳುವ ದಿನವೇ ಮಾಡಬೇಕಿತ್ತು. ಒಂದು ಟೇಪು ತೆಗೆದುಕೊಂಡು ಹೋದೆ. ಹತ್ತು ರೂಪಾಯಿಯ, ದರ್ಜಿಯ ಟೇಪು. ಇದು ಸ್ಯಾಗ್ ಅಳೆಯುವ ವಿಧಾನ: ಬೈಕನ್ನು ಪೆಟ್ಟಿಗೆಯ ಮೇಲೆ ನಿಲ್ಲಿಸಿ ಹಿಂದಿನ ಚಕ್ರ ನೇತಾಡುವಂತೆ ಮಾಡಿ, ಚಕ್ರದ ಆಕ್ಸಲಿನಿಂದ ನೇರ ಮೇಲಿನ ಫೆಂಡರಿನ ಒಂದು ಗುರುತಿಗೆ ಅಳೆಯಬೇಕು. ಆಮೇಲೆ ಸವಾರ ಬೂಟು, ಹೆಲ್ಮೆಟ್ಟು, ಕವಚ ಎಲ್ಲ ತೊಟ್ಟು ಮೇಲೆ ಕೂರಬೇಕು. ಮತ್ತೆ ಅಳೆಯಬೇಕು. ಎರಡರ ವ್ಯತ್ಯಾಸ 100ರಿಂದ 105 ಮಿಲಿಮೀಟರ್ ಇದ್ದರೆ ಸರಿ. ಬ್ಯಾಂಡೇಜು ಕಟ್ಟಿದ ಕೈಯಲ್ಲೇ ಅವನನ್ನು ಕೂರಿಸಿ ಅಳೆದೆ. 128 ಬಂತು. ಹಿಂದೆ ಅಷ್ಟು ಕುಸಿದ ಬೈಕಿನಲ್ಲಿ ಮುಂದಿನ ಚಕ್ರ ತಿರುವಿನಲ್ಲಿ ನೆಲ ಕಚ್ಚುವುದಿಲ್ಲ. ಬ್ರೇಕ್ ಹಿಡಿದಾಗ ಹಿಂಭಾಗ ಒಮ್ಮೆಲೇ ಮೇಲೆದ್ದು ಭಾರವೆಲ್ಲ ಫೋರ್ಕಿಗೆ ಬೀಳುತ್ತದೆ. ಅಲ್ಲಿಂದ ಸವಾರನ ಮುಂಗೈಗೆ. ಅವನು ಹದಿನೇಳು ನಿಮಿಷ ಬೈಕನ್ನು ಓಡಿಸಿರಲಿಲ್ಲ, ಹೊತ್ತುಕೊಂಡಿದ್ದ.

ಸ್ಪ್ರಿಂಗನ್ನು ಬಿಗಿ ಮಾಡಿದರೆ ಆಯಿತಲ್ಲ ಎನ್ನಬಹುದು. ಮಾಡಿದೆ. ಅಳತೆ 104ಕ್ಕೆ ಬಂತು. ಆದರೆ ಅವನನ್ನು ಇಳಿಸಿ, ಬೈಕು ತನ್ನ ಸ್ವಂತ ಭಾರಕ್ಕೆ ಎಷ್ಟು ಕುಸಿಯುತ್ತದೆ ಎಂದು ನೋಡಿದರೆ ಬರೀ 14 ಮಿಲಿಮೀಟರ್. 30ರಿಂದ 40 ಇರಬೇಕಾದ ಅಳತೆ ಇದು. ಇಲ್ಲೊಂದು ಮೋಜಿದೆ. ಬೈಕು ಕಡಿಮೆ ಕುಸಿದರೆ ಸ್ಪ್ರಿಂಗ್ ಗಡುಸು ಎಂದು ಎಲ್ಲರೂ ತಿಳಿಯುತ್ತಾರೆ. ನಿಜ ಅದರ ತಿರುವುಮುರುವು. ಸ್ಪ್ರಿಂಗ್ ಸವಾರನಿಗೆ ತೀರ ಮೃದುವಾಗಿರುವುದರಿಂದಲೇ ಅದನ್ನು ಅಷ್ಟೊಂದು ಬಿಗಿ ಮಾಡಬೇಕಾಯಿತು. ಕಾರ್ಖಾನೆಯಿಂದ ಬರುವ ಸ್ಪ್ರಿಂಗುಗಳನ್ನು ಎಪ್ಪತ್ತು, ಎಂಬತ್ತು ಕಿಲೋದ ನಡುವಿನ ಸವಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿರುತ್ತಾರೆ. ನನಗೆ ಹತ್ತಿಯ ಮೇಲೆ ಇಳಿದಂತಾದದ್ದು ಆ ಬೈಕು ನನ್ನ ಮೈಗೆ ಹೊಲಿದ ಅಂಗಿಯಾಗಿತ್ತು ಎಂಬ ಕಾರಣಕ್ಕೆ. ನನ್ನ ಅಂಗಿಯನ್ನು ತೊಡಿಸಿ ಅವನನ್ನು ಕಳಿಸಿದ್ದೆ.

ಈಗ ಜಗಳಕ್ಕೆ ಬರುತ್ತೇನೆ. ಮೋಟೋಕ್ರಾಸ್ ಬೈಕಿನ ವಿಮರ್ಶೆ ಬರೆಯುವ ಮಹನೀಯರಲ್ಲಿ ಎಷ್ಟು ಜನ ತಮ್ಮ ತೂಕವನ್ನು ಬರೆಯುತ್ತಾರೆ? ಬೈಕಿನ ತೂಕವನ್ನು ಅರ್ಧ ಕಿಲೋ ಬಿಡದೆ ಬರೆಯುತ್ತಾರೆ, ಅದರ ಮೇಲೆ ಕೂತ ತಮ್ಮದನ್ನು ಬರೆಯುವುದಿಲ್ಲ. ಸ್ಯಾಗ್ ಎಷ್ಟಕ್ಕೆ ಇಟ್ಟಿದ್ದರು, ಬರೆಯುವುದಿಲ್ಲ. ಎಷ್ಟು ನಿಮಿಷ ಬಿಡದೆ ಓಡಿಸಿದರು, ಅದಂತೂ ಪರಮರಹಸ್ಯ. ಇದು ಅಸಾಧ್ಯದ ಕೋರಿಕೆಯೇನಲ್ಲ. ಅಮೆರಿಕದ ಮೋಟೋಕ್ರಾಸ್ ಆಕ್ಷನ್ ಪತ್ರಿಕೆಯವರು ತಮ್ಮ ಪರೀಕ್ಷೆಗಳಲ್ಲಿ ಸ್ಪ್ರಿಂಗಿನ ದರ, ಸ್ಯಾಗಿನ ಅಳತೆ, ಫೋರ್ಕಿನ ತಿರುಪನ್ನು ಎಷ್ಟು ಕ್ಲಿಕ್ ತಿರುಗಿಸಬೇಕು ಎಂಬುದನ್ನೆಲ್ಲ ಅಚ್ಚು ಹಾಕುವುದು ಹಳೆಯ ರೂಢಿ. ಅವರ ಅಭಿಪ್ರಾಯ ಒಪ್ಪುತ್ತೀರೋ ಬಿಡುತ್ತೀರೋ, ಅಳತೆ ಕೈಗೆ ಸಿಗುತ್ತದೆ. ನಮ್ಮಲ್ಲಿ ಸಿಗುವುದು ವಿಶೇಷಣಗಳು.

‘ಕಂಪನಿಯವರು ನಮಗೆ ಬೈಕು ಕೊಡುವುದೇ ಒಂದು ಬೆಳಗ್ಗೆ, ಹತ್ತು ಜನ ಸರದಿಯಲ್ಲಿ ನಿಂತಿರುತ್ತಾರೆ’ ಎಂದು ಒಬ್ಬ ವಿಮರ್ಶಕರು ನನ್ನ ಹತ್ತಿರ ಅಳಲು ತೋಡಿಕೊಂಡರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಹಾಗಾದರೆ ‘ಮೂರು ಸುತ್ತು ಓಡಿಸಿದೆ, ಇಷ್ಟು ಗೊತ್ತಾಯಿತು, ಮಿಕ್ಕದ್ದು ಗೊತ್ತಾಗಲಿಲ್ಲ’ ಎಂದು ಬರೆಯಿರಿ. ಪುಟ ಖಾಲಿ ಉಳಿದರೆ ಇನ್ನೊಂದು ಫೋಟೋ ಹಾಕಿ.

ಅಶ್ವಶಕ್ತಿಯ ವಿಚಾರ. 450ಗಳು 50ಕ್ಕೂ ಮೇಲೆ ಕೊಡುತ್ತವೆ. ನೂರಹತ್ತು ಕಿಲೋದ ಬೈಕಿಗೆ ಅಷ್ಟು! ಮೂರು ಸುತ್ತಿನಲ್ಲಿ ಇದಕ್ಕೆ ಮರುಳಾಗದವನು ಮನುಷ್ಯನೇ ಅಲ್ಲ. ಆದರೆ ಇಟಲಿಯ ಆಂಟೋನಿಯೋ ಕೈರೋಲಿ 2010, 2011, 2012, 2013ರಲ್ಲಿ ವಿಶ್ವದ ದೊಡ್ಡ ದರ್ಜೆಯ ಚಾಂಪಿಯನ್ ಆದದ್ದು ಕೆಟಿಎಮ್‌ನ 350 ಸಿಸಿ ಬೈಕಿನಲ್ಲಿ. ಪಕ್ಕದಲ್ಲಿ ನಿಂತವರಲ್ಲಿ ಹೆಚ್ಚಿನವರು 450ರವರು. ಜಗತ್ತಿನ ಅತ್ಯುತ್ತಮ ಸವಾರನಿಗೆ ನೂರು ಸಿಸಿ ಕಡಿಮೆಯಾದರೂ ಕೊರತೆಯಾಗದಿದ್ದರೆ, ಭಾನುವಾರ ಮಾತ್ರ ಟ್ರ್ಯಾಕಿಗೆ ಬರುವ ನನಗೂ ನಿಮಗೂ ಆ ನೂರು ಸಿಸಿ ಏಕೆ ಬೇಕು? ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಕೈರೋಲಿ ಆಮೇಲೆ 450ಕ್ಕೆ ಹೋದ, 2017ರಲ್ಲಿ ಅದರಲ್ಲೂ ಗೆದ್ದ. ಅಮೆರಿಕದ ರಿಕಿ ಕಾರ್ಮೈಕಲ್ 2002ರಲ್ಲಿ ಹೋಂಡಾದ 250 ಸಿಸಿ ಟೂ ಸ್ಟ್ರೋಕ್ ಬೈಕಿನಲ್ಲಿ ಅಲ್ಲಿನ ರಾಷ್ಟ್ರೀಯ ಮೋಟೋಕ್ರಾಸಿನ 24 ಓಟಗಳಲ್ಲಿ 24ನ್ನೂ ಗೆದ್ದ. 2004ರಲ್ಲಿ ಹೋಂಡಾದ 450 ಸಿಸಿ ಫೋರ್ ಸ್ಟ್ರೋಕಿನಲ್ಲಿ ಮತ್ತೆ 24ಕ್ಕೆ 24. ಇಂಥವನನ್ನು ಕೂರಿಸಿ ಯಾವ ಬೈಕು ಮೇಲು ಎಂದು ಹೇಗೆ ತೀರ್ಮಾನಿಸುತ್ತೀರಿ? ಅವನು ಗೆದ್ದ ಎಂಬುದು ಅವನ ವಿಮರ್ಶೆ, ಬೈಕಿನದಲ್ಲ.

ಹೊಸದೆಲ್ಲ ಮುಂದಿನ ಹೆಜ್ಜೆ ಎಂದು ಬರೆಯುವ ಚಾಳಿಯೊಂದಿದೆ. ಅದಕ್ಕೆ ಗಾಳಿ ಫೋರ್ಕಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಹೋಂಡಾದವರು 2013ರ 450ಗೆ, ಕವಾಸಾಕಿಯವರು 2015ರ 450ಗೆ, ಮುಂದಿನ ಫೋರ್ಕಿನಿಂದ ಉಕ್ಕಿನ ಸ್ಪ್ರಿಂಗ್ ತೆಗೆದು ಗಾಳಿಯ ಒತ್ತಡದ ಫೋರ್ಕ್ ಹಾಕಿದರು. ಹಗುರ, ಪಂಪಿನಲ್ಲೇ ಗಡುಸು ಮೃದು ಮಾಡಿಕೊಳ್ಳಬಹುದು ಎಂಬ ಹೊಗಳಿಕೆ ಎಲ್ಲ ಕಡೆ. ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ ಎಂಬುದು ಹೈಸ್ಕೂಲಿನ ಪಾಠ. ಮೂರು ಸುತ್ತಿನಲ್ಲಿ ಫೋರ್ಕ್ ಬಿಸಿಯಾಗುವುದಿಲ್ಲ, ಆದ್ದರಿಂದ ಮೂರು ಸುತ್ತಿನ ವಿಮರ್ಶೆಯಲ್ಲಿ ಅದು ಬರುವುದೂ ಇಲ್ಲ. 2017ಕ್ಕೆ ಹೋಂಡಾ, 2019ಕ್ಕೆ ಕವಾಸಾಕಿ ಮರಳಿ ಉಕ್ಕಿನ ಸ್ಪ್ರಿಂಗಿಗೇ ಬಂದವು. ಆಗ ಮತ್ತೆ ಹೊಗಳಿಕೆ! ಮೊದಲಿನಿಂದಲೂ ಸ್ಪ್ರಿಂಗನ್ನು ಬಿಡದ ಯಮಾಹಾದವರು ಮೀಸೆಯಲ್ಲಿ ನಕ್ಕಿರಬೇಕು. ಕೆಟಿಎಮ್‌ನವರು ಗಾಳಿಯನ್ನೇ ನೆಚ್ಚಿಕೊಂಡು ಅದನ್ನು ಸಾಕಷ್ಟು ತಿದ್ದಿದ್ದಾರೆ, ಅದನ್ನು ಇಷ್ಟಪಡುವ ಒಳ್ಳೆಯ ಸವಾರರೂ ಇದ್ದಾರೆ. ಒತ್ತಡವನ್ನು ಪ್ರತಿ ಸಲ ಅಳೆಯುವ ತಾಳ್ಮೆ ನಿಮಗಿದ್ದರೆ ಸರಿ. ನನಗಿಲ್ಲ.

ಇನ್ನು ಎಂಜಿನ್. ಫೋರ್ ಸ್ಟ್ರೋಕ್ ಮೋಟೋಕ್ರಾಸಿಗೆ ಹೇಗೆ ಬಂತು ಎಂಬುದು ಗೊತ್ತಿರಬೇಕು. ಮೊದಲು ಇಲ್ಲಿ ಟೂ ಸ್ಟ್ರೋಕಿನ ರಾಜ್ಯಭಾರ. 1997ರಲ್ಲಿ ಡಗ್ ಹೆನ್ರಿ ಯಮಾಹಾದ 400 ಸಿಸಿ ಫೋರ್ ಸ್ಟ್ರೋಕಿನಲ್ಲಿ ಲಾಸ್ ವೇಗಸ್ಸಿನ ಸೂಪರ್‌ಕ್ರಾಸ್ ಗೆದ್ದ. 1998ರಲ್ಲಿ ವೈಜೆಡ್ 400ಎಫ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಪಟ್ಟವನ್ನೂ ಗೆದ್ದ. ಅದು ದೊಡ್ಡ ಸಾಧನೆಯೇ. ಆದರೆ ನಿಯಮ ನೋಡಿ: 250 ಟೂ ಸ್ಟ್ರೋಕಿನ ಎದುರು ಸುಮಾರು ಇಮ್ಮಡಿ ಸಿಸಿಯ ಫೋರ್ ಸ್ಟ್ರೋಕಿಗೆ ಅವಕಾಶ, 125ರ ಎದುರು 250ಕ್ಕೆ. ಇಮ್ಮಡಿ ಗಾತ್ರದ ಎಂಜಿನ್ ಗೆದ್ದಿತು ಎಂಬುದರಲ್ಲಿ ಆಶ್ಚರ್ಯವೇನು? ಆಮೇಲೆ ಟೂ ಸ್ಟ್ರೋಕು ಹಳೆಯದು, ಹೊಗೆ ಕಾರುವುದು ಎಂದಾಯಿತು.

ಗೆದ್ದವರ ಖರ್ಚು ತಂಡ ಕೊಡುತ್ತದೆ. ನಮ್ಮ ಖರ್ಚು ನಾವು ಕೊಡಬೇಕು. ಹೋಂಡಾದ ಸಿಆರ್‌ಎಫ್ 250ರ ಕೈಪಿಡಿಯಲ್ಲಿ ಸ್ಪರ್ಧೆಯಲ್ಲಿ ಓಡಿಸುವವರು ಪಿಸ್ಟನ್ನನ್ನು ಸುಮಾರು 15 ಗಂಟೆಗೊಮ್ಮೆ ಬದಲಿಸಬೇಕೆಂದಿದೆ. ಗಂಟೆ! ರಸ್ತೆಯ ಬೈಕಿನವರಿಗೆ ಇದು ತಮಾಷೆಯೆನಿಸೀತು. ನಿಮಿಷಕ್ಕೆ ಹದಿನಾಲ್ಕು ಸಾವಿರ ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ ಮುರಿದರೆ ಜೊತೆಗೆ ವಾಲ್ವು, ಸಿಲಿಂಡರು, ಕೆಲವೊಮ್ಮೆ ಕ್ರ್ಯಾಂಕು, ಎಲ್ಲವನ್ನೂ ಕರೆದುಕೊಂಡು ಹೋಗುತ್ತದೆ. ಇಂಥ ಎಂಜಿನ್ನುಗಳ ವಾಲ್ವುಗಳು ಸಾಮಾನ್ಯವಾಗಿ ಟೈಟಾನಿಯಮ್‌ನವು, ಮೇಲೆ ತೆಳುವಾದ ಗಟ್ಟಿ ಲೇಪ. ನಮ್ಮ ಬಯಲುಸೀಮೆಯ ಕೆಂಪು ಧೂಳು ಫಿಲ್ಟರಿನ ಎಣ್ಣೆಯನ್ನು ದಾಟಿ ಒಮ್ಮೆ ಒಳಗೆ ಹೋಯಿತೋ, ಆ ಲೇಪ ಸವೆಯುತ್ತದೆ, ವಾಲ್ವು ತನ್ನ ಸೀಟಿನೊಳಗೆ ಇಳಿಯುತ್ತದೆ, ಅಂತರ ಬಿಗಿಯಾಗುತ್ತ ಹೋಗುತ್ತದೆ, ಒಂದು ದಿನ ಬೈಕು ಸ್ಟಾರ್ಟೇ ಆಗುವುದಿಲ್ಲ. ಮಾರ್ಚಿ ತಿಂಗಳಲ್ಲಿ ಒಂದೊಂದು ಓಟಕ್ಕೂ ಒಂದೊಂದು ತೊಳೆದ ಫಿಲ್ಟರ್ ಬೇಕು ಎಂದು ಯಾವ ವಿಮರ್ಶೆಯಲ್ಲಿ ಓದಿದ್ದೀರಿ? ಬಿಡಿಭಾಗ ಬರಲು ಎಷ್ಟು ವಾರ ಕಾಯಬೇಕು ಎಂದು? ಟೂ ಸ್ಟ್ರೋಕಿನಲ್ಲಾದರೆ ಒಂದು ಸಂಜೆ, ಒಂದು ಸ್ಪ್ಯಾನರ್ ಸೆಟ್ಟು, ಪಿಸ್ಟನ್, ರಿಂಗು, ಗ್ಯಾಸ್ಕೆಟ್ಟು. ಯೆಜ್ಡಿ ಬಿಚ್ಚಿದ ಯಾವ ಮೈಸೂರಿನವನೂ ಮಾಡಿಯಾನು. ನಲವತ್ತರ ಆಸುಪಾಸಿನ, ಸ್ವಂತ ದುಡ್ಡಿನ, ಸ್ವಂತ ಕೈಯ ಸವಾರನಿಗೆ ಯಮಾಹಾದ ವೈಜೆಡ್ 250 ಟೂ ಸ್ಟ್ರೋಕಿಗಿಂತ ಒಳ್ಳೆಯ ಬೈಕಿಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ಹಳಬನ ಹಟ ಎನ್ನುವವರು ಎನ್ನಲಿ.

ಈಗ ಆ ವಾಕ್ಯ: ‘ಅನುಭವಿ ಸವಾರರಿಗೆ ಮಾತ್ರ.’ ಇದನ್ನು ಎಚ್ಚರಿಕೆಯೆಂದು ಬರೆಯುತ್ತಾರೆ, ಓದುವವನು ಆಮಂತ್ರಣವೆಂದು ಓದುತ್ತಾನೆ. ನಮ್ಮಲ್ಲಿ ಯಾವ ಗಂಡಸು ತನ್ನನ್ನು ಅನುಭವಿ ಅಲ್ಲ ಎಂದುಕೊಳ್ಳುತ್ತಾನೆ? ಬರೆಯುವವನಿಗೆ ಇದು ಗುರಾಣಿ ಕೂಡ. ಬಿದ್ದರೆ ‘ಅನುಭವಿಗಳಿಗೆ ಎಂದು ಹೇಳಿದ್ದೆವಲ್ಲ’ ಎನ್ನಬಹುದು. ನನ್ನ ಗೆಳೆಯನಿಗೆ ಅನುಭವ ಕಡಿಮೆಯಿರಲಿಲ್ಲ. ಅನುಭವವಿದ್ದುದರಿಂದಲೇ ಅವನು ಹದಿನೇಳು ನಿಮಿಷದ ತನಕ ಬೀಳದೆ ಉಳಿದ. ಹೊಸಬನಾಗಿದ್ದರೆ ಎರಡನೆಯ ಸುತ್ತಿಗೇ ಹೆದರಿ ನಿಲ್ಲಿಸುತ್ತಿದ್ದ.

ಮಾರನೆಯ ವರ್ಷ ಅವನು 250 ಫೋರ್ ಸ್ಟ್ರೋಕೊಂದನ್ನು ನೋಡಲು ಹೋದಾಗ ನನ್ನನ್ನು ಮತ್ತೆ ಕರೆದ. ಮತ್ತೆ ಕರೆದನಲ್ಲ, ಅದು ಅವನ ದೊಡ್ಡತನ. ಈ ಸಲ ನಾನು ಬೈಕು ಮುಟ್ಟಲಿಲ್ಲ. ಸ್ಪ್ರಿಂಗುಗಳನ್ನು ಅವನ ತೂಕಕ್ಕೆ ಬದಲಿಸಿ ನೋಡಲು ಮಾರುವವನನ್ನು ಒಪ್ಪಿಸಿ, ಟೇಪು ಹಿಡಿದು ಸ್ಯಾಗ್ ಇಟ್ಟು, ಅವನನ್ನೇ 25 ನಿಮಿಷ ಓಡಿಸಿದೆ. ಬೇಲಿಯ ಪಕ್ಕ ನಿಂತು ಪ್ರತಿ ಸುತ್ತನ್ನೂ ಬರೆದುಕೊಂಡೆ. ಅದೇ ಟ್ರ್ಯಾಕಿನಲ್ಲಿ 450ರಲ್ಲಿ ಅವನ ಅತಿ ವೇಗದ ಸುತ್ತು 1 ನಿಮಿಷ 52 ಸೆಕೆಂಡಿನದು, ಬೀಳುವ ಮುಂಚಿನ ಸುತ್ತು 2 ನಿಮಿಷ 9. ಹೊಸ 250ರಲ್ಲಿ ಅತಿ ವೇಗದ್ದು 1 ನಿಮಿಷ 54, ಇಪ್ಪತ್ತೈದನೆಯ ನಿಮಿಷದ್ದು 1 ನಿಮಿಷ 58. ಮೂರು ಸುತ್ತಿನ ವಿಮರ್ಶಕನ ಲೆಕ್ಕದಲ್ಲಿ 450 ಎರಡು ಸೆಕೆಂಡಿನಿಂದ ಗೆದ್ದಿತ್ತು. ಇಳಿದು ಬಂದವನ ಮುಂಗೈಯನ್ನು ಒತ್ತಿ ನೋಡಿದೆ. ಮೆತ್ತಗಿತ್ತು. ‘ಹೇಗಿದೆ?’ ಎಂದು ಕೇಳಿದೆ. ‘ಹೇಳಿಕೊಳ್ಳುವಂಥದ್ದೇನಿಲ್ಲ, ಇನ್ನೂ ಹತ್ತು ನಿಮಿಷ ಓಡಿಸಬಹುದಿತ್ತು’ ಎಂದ. ಕೊಂಡ.

ಹೋದ ತಿಂಗಳು ಹಾಸನದ ಕಡೆಯಿಂದ ಒಬ್ಬ ಹುಡುಗ ಫೋನು ಮಾಡಿದ್ದ. ಹೊಸ 450 ಬಂದಿದೆಯಂತೆ, ಎಷ್ಟು ಹಾರ್ಸ್ ಪವರ್ ಇರಬಹುದು ಸಾರ್, ನೀವು ಓಡಿಸಿದ್ದೀರಾ ಎಂದ. ನಿನ್ನ ತೂಕ ಎಷ್ಟಪ್ಪಾ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನೆಟ್‌ವರ್ಕ್ ಸರಿಯಿಲ್ಲ, ಮತ್ತೆ ಮಾಡುತ್ತೇನೆ ಎಂದು ಇಟ್ಟುಬಿಟ್ಟ. ಇನ್ನೂ ಮಾಡಿಲ್ಲ.

ಗೆಳೆಯನ 450 ಬಹಳ ದಿನ ಅವನ ಕಾಫಿ ಗೋದಾಮಿನಲ್ಲೇ ಗೋಣಿಚೀಲ ಹೊದ್ದು ನಿಂತಿತ್ತು. ಕೊನೆಗೆ ಒಬ್ಬರು ಬಂದು ಕೊಂಡರು. ಟೆಂಪೋಗೆ ಹತ್ತಿಸುವಾಗ ನಾನೂ ಒಂದು ಕೈ ಹಿಡಿದಿದ್ದೆ. ಗಂಟೆಯ ಮೀಟರು ಹನ್ನೊಂದೂಕಾಲರಲ್ಲಿ ನಿಂತಿತ್ತು. ಕೊಂಡವರಿಗೆ ಸ್ಯಾಗಿನ ಅಳತೆಯನ್ನೂ, ಗೆಳೆಯನ ತೂಕವನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅದನ್ನು ಅವರು ಮಡಚಿ ಜೇಬಿಗೆ ಹಾಕಿಕೊಂಡು, ‘ಪವರ್ ಹೇಗಿದೆ?’ ಎಂದು ಕೇಳಿದರು.